ಸರ್ಕಸ್ ಅಂದ್ರೆ ಏನು, ಎಲ್ಲಿಂದ ಬಂತು? ತುಮಕೂರ್ ಕಡೆ ಜನ ಪದೇ ಪದೇ ಕೇಳೋ ಪ್ರಶ್ನೆಗಳು

ಊರಿಗೆ ಟೆಂಟ್ ಬಂದಾಗೆಲ್ಲ, ಇಲ್ಲಾ ಟಿವಿಲಿ "ಟಿಕೆಟ್‌ಗಾಗಿ ಭಾರೀ ಸರ್ಕಸ್" ಅಂತ ಪಟ್ಟಿ ಓಡಿದಾಗೆಲ್ಲ ಯಾರಾದ್ರೂ ಒಬ್ರು ಈ ಪದದ ಬಗ್ಗೆ ಕೇಳೇ ಕೇಳ್ತಾರೆ. ಪ್ರತಿ ಸಲ ಮೊದಲಿಂದ ಹೇಳೋಕೆ ಬೇಜಾರು, ಅದಕ್ಕೆ ಒಂದೇ ಕಡೆ ಬರ್ದಿಟ್ಟಿದೀನಿ. ಕೆಲವಕ್ಕೆ ಉತ್ತರ ಉದ್ದ ಆಗಿದೆ, ಕೆಲವಕ್ಕೆ ಎರಡೇ ಸಾಲು, ವಿಷಯ ಇದ್ದಷ್ಟು ಅಷ್ಟೇ.

ಸರ್ಕಸ್ ಅನ್ನೋ ಪದದ ಮೂಲ ಅರ್ಥ ಏನು?

ಉಂಗುರ. ಬಳೆ. ದುಂಡಗಿರೋದು. ಮುಗೀತು. ಲ್ಯಾಟಿನ್‌ನಲ್ಲಿ ಇದು ಕಿರ್ಕುಸ್, ಹಳೇ ರೋಮಿನವರು ಅದನ್ನ "ಕ" ಅಂತಾನೇ ಉಚ್ಚಾರ ಮಾಡ್ತಿದ್ರು, "ಸ" ಆಗಿದ್ದು ಆಮೇಲೆ ಫ್ರೆಂಚು ಇಂಗ್ಲಿಷು ಎಲ್ಲ ಸುತ್ಕೊಂಡು ಬಂದ್ಮೇಲೆ. ಅದಕ್ಕೂ ಹಿಂದೆ ಗ್ರೀಕ್‌ನಲ್ಲಿ ಕಿರ್ಕೊಸ್ ಅಂತಿದೆ, ಕ್ರಿಕೊಸ್ ಅಂತ ಅದರ ಇನ್ನೊಂದು ರೂಪನೂ ಇದೆ, ಎರಡಕ್ಕೂ ಉಂಗುರ ಅಂತಾನೇ ಅರ್ಥ. ಅಂದ್ರೆ ಶುರುನಲ್ಲಿ ಈ ಪದದೊಳಗೆ ಆನೆ ಇಲ್ಲ, ಜೋಕರ್ ಇಲ್ಲ, ಟೆಂಟ್ ಇಲ್ಲ, ಜೋಕಾಲಿ ಮೇಲೆ ಹಾರೋರಂತೂ ಇಲ್ಲವೇ ಇಲ್ಲ. ಬರೀ ಸುತ್ತು. ಆಟಕ್ಕಿಂತ ಮೊದಲು ಆಟ ನಡೆಯೋ ಜಾಗದ ಆಕಾರಕ್ಕೆ ಬಿದ್ದ ಹೆಸರು ಇದು, ಮುಂದೆ ಬರೋ ಬಹಳಷ್ಟು ಗೊಂದಲಕ್ಕೆ ಇದೇ ಕಾರಣ.

ಹಾಗಾದ್ರೆ ರೋಮ್‌ನಲ್ಲಿ ಸರ್ಕಸ್ ಅಂತ ಏನು ತೋರಿಸ್ತಿದ್ರು?

ರಥದ ರೇಸು. ನಮ್ಮ ಕಡೆ ರಥ ಅಂದ ತಕ್ಷಣ ಜಾತ್ರೆ ತೇರು ನೆನಪಾಗುತ್ತೆ, ಅದಲ್ಲ, ನಾಲ್ಕು ಕುದುರೆ ಕಟ್ಟಿದ ಹಗುರದ ಗಾಡಿ, ಒಬ್ಬನೇ ನಿಂತ್ಕೊಂಡು ಓಡಿಸೋದು. ರೋಮ್‌ನ ಸರ್ಕಸ್ ಮ್ಯಾಕ್ಸಿಮಸ್ ಇದರಲ್ಲಿ ಎಲ್ಲಕ್ಕಿಂತ ದೊಡ್ಡದು, ಪ್ಯಾಲಟೈನ್ ಮತ್ತೆ ಆವೆಂಟೈನ್ ಅನ್ನೋ ಎರಡು ಗುಡ್ಡದ ನಡುವಿನ ತಗ್ಗಲ್ಲಿತ್ತು, ಉದ್ದ ಸುಮಾರು 600 ಮೀಟರ್, ಅಗಲ ಅದರಲ್ಲಿ ಐದನೇ ಒಂದು ಭಾಗದಷ್ಟು. ಒಂದೂವರೆ ಲಕ್ಷ ಜನ ಕೂರ್ತಿದ್ರು ಅಂತ ಈಗಿನವರ ಲೆಕ್ಕ, ಆ ಕಾಲದ ಲೇಖಕ ಪ್ಲಿನಿ ಅಂತೂ ಎರಡೂವರೆ ಲಕ್ಷ ಅಂತ ಬರ್ದಿದಾನೆ.

ಉದ್ದ ಅಗಲ ನೋಡಿದ್ರೆ ಇದು ಪೂರ್ತಿ ದುಂಡಗಿರಲಿಲ್ಲ ಅಂತ ಗೊತ್ತಾಗುತ್ತೆ. ಎರಡು ಉದ್ದನೇ ಬದಿ, ಒಂದು ತುದಿ ಗುಂಡಗೆ, ಇನ್ನೊಂದು ತುದೀಲಿ ಹನ್ನೆರಡು ಗೇಟು, ಅಲ್ಲಿಂದ ರಥ ಬಿಡೋದು. ನಡುವೆ ಉದ್ದಕ್ಕೂ ಒಂದು ಕಟ್ಟೆ, ಅದರ ಎರಡು ತುದೀಲೂ ತಿರುಗೋ ಕಂಬ, ಏಳು ಸುತ್ತು ಹೊಡೀಬೇಕು, ಎಷ್ಟನೇ ಸುತ್ತು ಅಂತ ಜನಕ್ಕೆ ತೋರ್ಸೋಕೆ ಆ ಕಟ್ಟೆ ಮೇಲೆ ಮೊಟ್ಟೆ ಆಕಾರದ ಗುಂಡುಗಳು, ಆಮೇಲೆ ಡಾಲ್ಫಿನ್ ಬೊಂಬೆಗಳೂ ಬಂದ್ವು. ಸುತ್ತು ಹೊಡಿಯೋ ಜಾಗ, ಅದಕ್ಕೆ ಸರ್ಕಸ್. ಡಯೋಕ್ಲಿಸ್ ಅಂತ ಒಬ್ಬ ರಥ ಓಡಿಸೋನು ಇದ್ದ, ಇವತ್ತಿನ ಪೋರ್ಚುಗಲ್ ಕಡೆಯವನು, 4,257 ರೇಸಲ್ಲಿ 1,462 ಗೆದ್ದಿದ್ದ ಅಂತ ಅವನ ಶಾಸನದಲ್ಲೇ ಕೆತ್ತಿದಾರೆ. ಕ್ರಿಕೆಟ್ ಸ್ಕೋರ್ ಬರ್ದಿಡೋ ಹುಚ್ಚು ನಮಗೊಬ್ಬರಿಗೇ ಅಂದ್ಕೋಬೇಡಿ.

ಸಿಂಹದ ಬಾಯಿಗೆ ಮನುಷ್ಯರನ್ನ ಹಾಕ್ತಿದ್ದಿದ್ದು ಈ ಸರ್ಕಸ್ಸಲ್ಲೇನಾ?

ನೀವು ಕೇಳ್ತಿರೋದು ಹೆಚ್ಚಾಗಿ ಕೊಲೋಸಿಯಂ ಬಗ್ಗೆ. ಅದು ಆಂಫಿಥಿಯೇಟರ್, ಅಂದ್ರೆ ಸುತ್ತಲೂ ಜನ ಕೂತು ನೋಡೋ ಮೊಟ್ಟೆ ಆಕಾರದ ಅಖಾಡ, ಸರ್ಕಸ್ ಅಲ್ಲ. ಆದ್ರೂ ಪ್ರಾಣಿ ಬೇಟೆ ತೋರ್ಸೋದು ಸರ್ಕಸ್ ಮ್ಯಾಕ್ಸಿಮಸ್‌ನಲ್ಲೂ ನಡೀತಿತ್ತು, ಹಾಗಾಗಿ ಪೂರ್ತಿ ತಪ್ಪು ಅನ್ನೋಕಾಗಲ್ಲ.

"ಅನ್ನ ಮತ್ತು ಸರ್ಕಸ್ ಕೊಟ್ರೆ ಜನ ಸುಮ್ನಿರ್ತಾರೆ" ಅಂತಾರಲ್ಲ, ಅದು ಯಾರು ಹೇಳಿದ್ದು?

ಜುವೆನಲ್ ಅನ್ನೋ ರೋಮನ್ ಕವಿ, ಸುಮಾರು 1,900 ವರ್ಷದ ಹಿಂದೆ, ತನ್ನ ಹತ್ತನೇ ವಿಡಂಬನ ಪದ್ಯದಲ್ಲಿ. ಒಂದು ಕಾಲಕ್ಕೆ ಅಧಿಕಾರ ಸೈನ್ಯ ಎಲ್ಲ ಯಾರಿಗೆ ಅಂತ ತೀರ್ಮಾನ ಮಾಡ್ತಿದ್ದ ಜನ ಈಗ ಎರಡಕ್ಕೆ ಮಾತ್ರ ಬಾಯಿ ಬಿಡ್ತಾರೆ, ಒಂದು ರೊಟ್ಟಿ ಇನ್ನೊಂದು ಸರ್ಕಸ್ಸು ಅಂತ ಅವನ ಸಿಟ್ಟು. ರೋಮ್ ಪಟ್ಟಣದ ಜನಕ್ಕೆ ಆಗ ಧಾನ್ಯ ಪುಕ್ಸಟ್ಟೆ ಸಿಗ್ತಿತ್ತು, ರೇಸು ನೋಡೋದೂ ಪುಕ್ಸಟ್ಟೆ. ನಮ್ಮಲ್ಲಿ ಎಲೆಕ್ಷನ್ ಬಂದಾಗೆಲ್ಲ ಈ ಮಾತನ್ನ ಯಾರೋ ಒಬ್ರು ಸ್ಟೇಟಸ್ ಹಾಕ್ತಾರೆ, ಜೊತೆಗೆ ಕೆಂಪು ಮೂಗಿನ ಜೋಕರ್ ಫೋಟೋ. ಜುವೆನಲ್ ಜೋಕರ್ ಕಂಡೋನೇ ಅಲ್ಲ, ಅವನ ಕಣ್ಣ ಮುಂದೆ ಇದ್ದಿದ್ದು ರಥದ ಧೂಳು.

ಜನ ಸುಮ್ನಿರ್ತಾರೆ ಅನ್ನೋದೂ ಯಾವಾಗ್ಲೂ ನಿಜ ಅಲ್ಲ. ರೇಸಲ್ಲಿ ಕೆಂಪು, ಬಿಳಿ, ನೀಲಿ, ಹಸಿರು ಅಂತ ನಾಲ್ಕು ಟೀಮು, ಫ್ಯಾನ್ಸ್ ವಾರ್ ಅಂದ್ರೆ ಆಗಿನದು. 532ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಈಗಿನ ಇಸ್ತಾಂಬುಲ್, ನೀಲಿಯವರೂ ಹಸಿರಿನವರೂ ಒಂದಾಗಿ ಚಕ್ರವರ್ತಿ ಜಸ್ಟಿನಿಯನ್ ಮೇಲೇ ತಿರುಗಿಬಿದ್ದು, ಅರ್ಧ ಊರು ಸುಟ್ಟು, ಕೊನೆಗೆ ಸೈನ್ಯ ಆ ರೇಸ್ ಮೈದಾನದೊಳಗೆ ನುಗ್ಗಿ ಕೊಂದಿದ್ದು ಸುಮಾರು 30,000 ಜನರನ್ನ ಅಂತ ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರ್ದಿದಾನೆ.

ಸರ್ಸೀ ಅನ್ನೋ ಮಾಟಗಾತಿಯಿಂದ ಸರ್ಕಸ್ ಬಂತು ಅಂತ ಎಲ್ಲೋ ಓದ್ದೆ, ನಿಜನಾ?

ಕಥೆ ಹಳೇದು, ಮೂಲ ಮಾತ್ರ ಅದಲ್ಲ. ಟರ್ಟುಲಿಯನ್ ಅನ್ನೋ ಕ್ರೈಸ್ತ ಲೇಖಕ, ಸುಮಾರು 200ನೇ ಇಸವಿ ಹೊತ್ತಿಗೆ, ಜನ ಇಂಥ ಆಟ ನೋಡಬಾರದು ಅಂತ ಬರೀತಾ, ಸರ್ಸೀ ತನ್ನ ತಂದೆ ಸೂರ್ಯನ ಹೆಸರಲ್ಲಿ ಮೊದಲು ಈ ಆಟ ನಡೆಸಿದ್ಲು, ಅವಳ ಹೆಸರೇ ಸರ್ಕಸ್ಸಿಗೆ ಬಂತು ಅಂತ ಹೇಳ್ತಾರೆ ಅಂತಾನೆ. ಗ್ರೀಕ್‌ನಲ್ಲಿ ಅವಳ ಹೆಸರು ಕಿರ್ಕೆ, ಕಿರ್ಕುಸ್ ಕಿರ್ಕೆ ಕೇಳೋಕೆ ಒಂದೇ ತರ ಇದೆ, ಅಷ್ಟಕ್ಕೇ ಹುಟ್ಟಿದ ಕಥೆ. ನಮ್ಮೂರುಗಳ ಹೆಸರಿಗೆ ಸ್ಥಳಪುರಾಣ ಕಟ್ಟಿರೋ ಹಾಗೇನೇ.

ಚಕ್ರ ಅನ್ನೋ ಸಂಸ್ಕೃತ ಪದದಿಂದ ಸರ್ಕಸ್, ಸರ್ಕಲ್ ಎಲ್ಲ ಬಂದಿದ್ದಂತೆ?

ಈ ಪ್ರಶ್ನೆ ತುಂಬಾ ಬರುತ್ತೆ, ವಾಟ್ಸಪ್ ಕೃಪೆ. ಇಲ್ಲ. ಚಕ್ರಕ್ಕೆ ಸಂಬಂಧಿಕರು ಬೇರೆ ಇದಾರೆ: ಗ್ರೀಕ್‌ನ ಕುಕ್ಲೊಸ್, ಅದರಿಂದ ಬಂದ ಸೈಕಲ್, ಮತ್ತೆ ಇಂಗ್ಲಿಷಿನ ವೀಲ್. ಇವೆಲ್ಲ ಒಂದು ಮೂಲ ಧಾತುವಿನವು. ಸರ್ಕಸ್ಸಿನ ಧಾತು ಬೇರೆ, ಬಗ್ಗು ತಿರುಗು ಅನ್ನೋ ಅರ್ಥದ್ದು. ಅರ್ಥ ಹತ್ತಿರ ಇದೆ, ಸದ್ದೂ ಸ್ವಲ್ಪ ಹತ್ತಿರ ಇದೆ, ರಕ್ತಸಂಬಂಧ ಇಲ್ಲ. ಹಾಗಾಗಿ ಸರ್ಕಸ್ಸಲ್ಲಿ ಹುಡುಗಿ ಒಂಟಿ ಚಕ್ರದ ಸೈಕಲ್ ಓಡಿಸ್ತಾಳಲ್ಲ, ಅಲ್ಲಿ ಚಕ್ರಕ್ಕೂ ಸೈಕಲ್ಲಿಗೂ ನೆಂಟಸ್ತನ ಇದೆ, ಸರ್ಕಸ್ಸಿಗೆ ಇಲ್ಲ.

ಸರ್ಕಸ್ಸಿನ ನಿಜವಾದ ಬಂಧುಗಳು ಯಾರು ಅಂದ್ರೆ ಸರ್ಕಲ್ (ಅಂದ್ರೆ ಪುಟ್ಟ ಸರ್ಕಸ್, ಲ್ಯಾಟಿನ್ ಪ್ರಕಾರ), ಸರ್ಕ್ಯೂಟ್, ಡಿಸಿ ಆಫೀಸಿಂದ ಬರೋ ಸರ್ಕ್ಯುಲರ್, ಮತ್ತೆ ಯಾರೂ ಊಹೆ ಮಾಡ್ದಿರೋದು ಸರ್ಚ್. ಹೌದು, ಗೂಗಲ್‌ನಲ್ಲಿ ಮಾಡೋ ಸರ್ಚೇ. ಸುತ್ತಾಡೋದು ಅನ್ನೋ ಅರ್ಥದ ಲ್ಯಾಟಿನ್ ಕ್ರಿಯಾಪದ ಫ್ರೆಂಚಲ್ಲಿ ಹುಡುಕೋದು ಅಂತಾಗಿ ಇಂಗ್ಲಿಷಿಗೆ ಬಂತು, ಏನಾದ್ರೂ ಹುಡುಕಬೇಕಾದ್ರೆ ಸುತ್ತಲೇಬೇಕಲ್ಲ.

ಸರ್ಕಾರ, ಸರ್ಕಸ್?

ಸರ್ಕಾರ ಪಾರ್ಸಿ ಪದ, ಸರ್ ಅಂದ್ರೆ ತಲೆ, ಕಾರ್ ಅಂದ್ರೆ ಕೆಲಸ. ಸಂಬಂಧ ಇಲ್ಲ. ಜೋಕ್ ಮಾಡೋರು ಮಾಡ್ಕೊಳ್ಳಿ.

ಲಂಡನ್‌ನಲ್ಲಿ ಪಿಕಡಿಲಿ ಸರ್ಕಸ್ ಅಂತ ಇದೆಯಂತೆ, ಅಲ್ಲಿ ಸರ್ಕಸ್ ನಡೀತಿತ್ತಾ?

ಇಲ್ಲ ಸ್ವಾಮಿ, ಅದು ನಾಲ್ಕಾರು ರಸ್ತೆ ಸೇರೋ ಜಾಗ, 1819ರಲ್ಲಿ ಮಾಡಿದ್ದು, ಮೊದಲಿಗೆ ದುಂಡಗಿತ್ತು ಅದಕ್ಕೆ ಆ ಹೆಸರು. ಅದಕ್ಕೂ ಮುಂಚೆ ಬಾತ್ ಅನ್ನೋ ಊರಲ್ಲಿ 1754ರಲ್ಲಿ ಶುರು ಮಾಡಿ ದುಂಡಗೆ ಕಟ್ಟಿದ ಮನೆ ಸಾಲಿಗೂ ಸರ್ಕಸ್ ಅಂತಾನೇ ಹೆಸರು. ಇದೇ ಅಭ್ಯಾಸ ದೆಹಲಿಗೂ ಬಂದು ಕನಾಟ್ ಪ್ಲೇಸ್‌ನ ಹೊರಗಿನ ಸುತ್ತಿಗೆ ಕನಾಟ್ ಸರ್ಕಸ್ ಅಂದ್ರು. ನಮ್ಮ ಕಡೆ ಬಂದ್ರೆ ಅದು ಸರ್ಕಲ್ ಆಯ್ತು, ಟೌನ್‌ಹಾಲ್ ಸರ್ಕಲ್, ಭದ್ರಮ್ಮ ಸರ್ಕಲ್. ನಮ್ಮ ಸರ್ಕಲ್‌ಗಳು ದುಂಡಗಿರಬೇಕು ಅಂತೇನಿಲ್ಲ, ನಾಲ್ಕು ರೋಡು ಸೇರಿ ಮಧ್ಯ ಒಂದು ಪ್ರತಿಮೆ ಇಲ್ಲಾ ಸಿಗ್ನಲ್ ಲೈಟ್ ಇದ್ರೆ ಸಾಕು. ಕೆಲವು ಕಡೆ ಅದೂ ಬೇಡ, ಎರಡು ಟೀ ಅಂಗಡಿ ಸಾಕು.

ಈಗ ನಾವು ನೋಡೋ ಸರ್ಕಸ್ ಯಾರು ಶುರು ಮಾಡಿದ್ದು?

ಫಿಲಿಪ್ ಆಸ್ಟ್ಲಿ ಅಂತ, ಬ್ರಿಟಿಷ್ ಕುದುರೆ ಸೈನ್ಯದಲ್ಲಿ ಸಾರ್ಜೆಂಟ್ ಮೇಜರ್ ಆಗಿದ್ದೋನು. ಸೈನ್ಯ ಬಿಟ್ಮೇಲೆ 1768ರಲ್ಲಿ ಲಂಡನ್ನಿನ ಲ್ಯಾಂಬೆತ್ ಅನ್ನೋ ಕಡೆ ಒಂದು ಬಯಲಲ್ಲಿ ಕುದುರೆ ಸವಾರಿ ಕಲಿಸೋಕೆ ಶುರು ಮಾಡ್ದ, ಬೆಳಗ್ಗೆ ಪಾಠ, ಮಧ್ಯಾಹ್ನ ಆಟ. ಓಡೋ ಕುದುರೆ ಬೆನ್ನ ಮೇಲೆ ನಿಂತ್ಕೊಳ್ಳೋ ಸವಾರರು ಅವನಿಗಿಂತ ಮುಂಚೇನೂ ಇದ್ರು, ಅವರು ನೆಟ್ಟಗೆ ಓಡಿಸ್ಕೊಂಡು ಹೋಗ್ತಿದ್ರು. ಆಸ್ಟ್ಲಿ ಕುದುರೆನ ದುಂಡಗೆ ಓಡ್ಸಿದ. ಇದರಿಂದ ಎರಡು ಲಾಭ ಆಯ್ತು. ಒಂದು, ದುಡ್ಡು ಕೊಟ್ಟು ಸುತ್ತ ಕೂತಿರೋ ಎಲ್ರಿಗೂ ಆಟ ಪೂರ್ತಿ ಕಾಣುತ್ತೆ, ಕುದುರೆ ದೂರ ಹೋಗಿಬಿಡ್ತು ಅನ್ನೋ ಹಾಗಿಲ್ಲ. ಎರಡು, ಸುತ್ತುವಾಗ ಹೊರಗಡೆಗೆ ತಳ್ಳೋ ಬಲ ಇರುತ್ತಲ್ಲ, ಸವಾರ ಸ್ವಲ್ಪ ಒಳಗಡೆ ವಾಲಿಕೊಂಡ್ರೆ ಎರಡೂ ಸರಿಹೋಗಿ ಬ್ಯಾಲೆನ್ಸ್ ಸಿಗುತ್ತೆ, ಹೈಸ್ಕೂಲಲ್ಲಿ ಓದಿದ ಕೇಂದ್ರಾಪಗಾಮಿ ಬಲ ಕೊನೆಗೂ ಇಲ್ಲಿ ಉಪಯೋಗಕ್ಕೆ ಬಂತು ನೋಡಿ. ಬೇರೆ ಬೇರೆ ಅಳತೆ ನೋಡಿ ಕೊನೆಗೆ ನಿಂತಿದ್ದು 42 ಅಡಿ ಅಡ್ಡಳತೆಗೆ, ಸುಮಾರು 13 ಮೀಟರ್. ಇವತ್ತಿಗೂ ಪ್ರಪಂಚದ ಬಹುಪಾಲು ಸರ್ಕಸ್ ರಿಂಗ್ ಇದೇ ಅಳತೇಲಿದೆ.

ಬರೀ ಕುದುರೆ ನೋಡಿ ಜನಕ್ಕೆ ಬೇಜಾರಾಗಬಾರದು ಅಂತ ನಡುನಡುವೆ ಲಾಗ ಹಾಕೋರು, ಹಗ್ಗದ ಮೇಲೆ ನಡೆಯೋರು, ನಗ್ಸೋರು ಇವರನ್ನೆಲ್ಲ ಎರಡು ವರ್ಷದೊಳಗೆ ಸೇರಿಸ್ಕೊಂಡ. ಇಷ್ಟೆಲ್ಲ ಮಾಡಿದ ಆಸ್ಟ್ಲಿ ಇದನ್ನ ಸರ್ಕಸ್ ಅಂತ ಕರೀಲಿಲ್ಲ! ಅವನ ಬೋರ್ಡ್ ಮೇಲೆ ಮೊದಲು ಇದ್ದಿದ್ದು ರೈಡಿಂಗ್ ಸ್ಕೂಲ್, ಆಮೇಲೆ ಆಂಫಿಥಿಯೇಟರ್. ಅವನ ಹತ್ರಾನೇ ಇದ್ದು ಆಮೇಲೆ ಪ್ರತಿಸ್ಪರ್ಧಿ ಆದ ಚಾರ್ಲ್ಸ್ ಹ್ಯೂಸ್ ಮತ್ತೆ ಹಾಡು ಕಟ್ಟೋ ಚಾರ್ಲ್ಸ್ ಡಿಬ್ಡಿನ್ ಇಬ್ರೂ ಸೇರಿ 1782ರಲ್ಲಿ ಅವನ ಜಾಗಕ್ಕೆ ಹತ್ತಿರದಲ್ಲೇ ರಾಯಲ್ ಸರ್ಕಸ್ ಅಂತ ತೆಗೆದ್ರು. ಈಗಿನ ಅರ್ಥದಲ್ಲಿ ಆ ಹೆಸರು ಬಂದಿದ್ದು ಅಲ್ಲಿಂದ. ಕಂಡುಹಿಡ್ದೋನು ಒಬ್ಬ, ಹೆಸರಿಟ್ಟೋರು ಎದುರು ಅಂಗಡಿಯವರು.

ಟೆಂಟು ಯಾವಾಗ ಬಂತು?

ಅಮೆರಿಕದಲ್ಲಿ, 1825ರಲ್ಲಿ, ಜೊಶುವಾ ಪರ್ಡಿ ಬ್ರೌನ್ ಅನ್ನೋರು ಬಟ್ಟೆ ಟೆಂಟ್ ಹಾಕಿದ್ರು. ಅಲ್ಲಿವರೆಗೂ ಮರದ ಕಟ್ಟಡ ಕಟ್ಟಿ, ಆಟ ಮುಗಿದ್ಮೇಲೆ ಬಿಟ್ಟು ಹೋಗ್ತಿದ್ರು. ಟೆಂಟ್ ಬಂದ್ಮೇಲೆ ಸುತ್ತು ಅನ್ನೋ ಪದಕ್ಕೆ ಇನ್ನೊಂದು ಅರ್ಥ ಸೇರ್ಕೊಂಡು ಸರ್ಕಸ್ಸೇ ಊರೂರು ಸುತ್ತೋಕೆ ಶುರುವಾಯ್ತು.

ನಮ್ಮ ದೇಶಕ್ಕೆ ಹೇಗೆ ಬಂತು?

1879ರ ಹೊತ್ತಿಗೆ ಇಟಲಿಯ ಜ್ಯುಸೆಪ್ಪೆ ಕಿಯಾರಿನಿ ಅನ್ನೋನ ಕಂಪನಿ ಬಾಂಬೆಗೆ ಬಂದಿತ್ತು. ಭಾರತದವರಿಗೆ ಸ್ವಂತ ಸರ್ಕಸ್ ಮಾಡೋಕೆ ಇನ್ನೂ ಕಾಲ ಬೇಕು ಅಂತ ಅವನು ಅಂದ, ಅದನ್ನ ಕೇಳಿ ಕುರುಂದವಾಡದ ರಾಜನ ಕುದುರೆಗಳನ್ನ ಪಳಗಿಸ್ತಿದ್ದ ವಿಷ್ಣುಪಂತ್ ಛತ್ರೆ ಸವಾಲು ತಗೊಂಡ್ರು ಅಂತ ಕಥೆ ಹೇಳ್ತಾರೆ. 1880ರ ಮಾರ್ಚ್ 20ಕ್ಕೆ ಅವರ ಗ್ರೇಟ್ ಇಂಡಿಯನ್ ಸರ್ಕಸ್ ಬಾಂಬೆಲಿ ಮೊದಲ ಆಟ ಆಡ್ತು. ಇಲ್ಲೂ ನೋಡಿ, ಮತ್ತೆ ಕುದುರೆಯವನೇ.

ಆಮೇಲೆ ಛತ್ರೆ ಕಂಪನಿ ಕೇರಳದ ತಲಶ್ಶೇರಿಗೆ ಹೋದಾಗ ಕಳರಿ ಮತ್ತೆ ಜಿಮ್ನಾಸ್ಟಿಕ್ಸ್ ಕಲಿಸ್ತಿದ್ದ ಕೀಲೇರಿ ಕುಂಞಿಕಣ್ಣನ್ ಅವರ ಪರಿಚಯ ಆಗಿ, ಅವರು 1901ರಲ್ಲಿ ಸರ್ಕಸ್ ಶಾಲೇನೇ ತೆರೆದ್ರು. ಎಷ್ಟೋ ವರ್ಷ ಭಾರತದ ಯಾವ ಸರ್ಕಸ್ಸಿಗೆ ಹೋದ್ರೂ ಕಲಾವಿದರು ಮಲಯಾಳಂ ಮಾತಾಡ್ತಿದ್ದಿದ್ದು ಇದಕ್ಕೇ. ಜೆಮಿನಿ ಸರ್ಕಸ್ ಕಟ್ಟಿದ ಎಂ.ವಿ. ಶಂಕರನ್ ಕೂಡ ಅದೇ ಕಡೆಯವರು, 1951ರಲ್ಲಿ ಗುಜರಾತಿನ ಬಿಲಿಮೋರಾದಲ್ಲಿ ಶುರು ಮಾಡಿದ್ರು, 2023ರಲ್ಲಿ ತೀರ್ಕೊಂಡ್ರು.

ಇಲ್ಲಿ ನಮ್ಮ ಜಿಲ್ಲೆ ಮಾತು ಒಂದು ಹೇಳ್ಲೇಬೇಕು. ಛತ್ರೆ ಸರ್ಕಸ್ ಶುರುವಾಗಿ ನಾಲ್ಕು ವರ್ಷಕ್ಕೆ, 1884ರಲ್ಲಿ, ಗುಬ್ಬೀಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ತು. ಅದು ಸರ್ಕಸ್ ಅಲ್ಲ, ನಾಟಕ, ನನಗೂ ಗೊತ್ತು. ಆದ್ರೆ ಗುಬ್ಬಿ ವೀರಣ್ಣನವರ ಕಾಲಕ್ಕೆ ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆನೇ ಸ್ಟೇಜ್ ಮೇಲೆ ತಂದ್ರು, ಊರಿಂದೂರಿಗೆ ಕ್ಯಾಂಪು, ಸಾಮಾನು ಸಾಗಿಸೋದು, ದೊಡ್ಡ ಸಂಸಾರ ಎಲ್ಲ ಸರ್ಕಸ್ಸಿನವರ ಹಾಗೇ. ನಮ್ಮಲ್ಲಿ ಎರಡಕ್ಕೂ ಕಂಪನಿ ಅಂತಾನೇ ಅನ್ನೋದು, ನಾಟಕದ ಕಂಪನಿ, ಸರ್ಕಸ್ ಕಂಪನಿ.

ಅದಕ್ಕೂ ಮುಂಚೆ ನಮ್ಮಲ್ಲಿ ಇಂಥದ್ದು ಇರಲೇ ಇಲ್ವಾ?

ಆಟ ಎಲ್ಲ ಇತ್ತು, ರಿಂಗು ಟಿಕೆಟ್ಟು ಇರಲಿಲ್ಲ. ಹಗ್ಗದ ಮೇಲೆ ಗಳ ಹಿಡ್ದು ನಡೆಯೋದು, ಬಿದಿರ ತುದೀಲಿ ಹೊಟ್ಟೆ ಮೇಲೆ ತಿರುಗೋದು ಡೊಂಬರ ಸಮುದಾಯದವರು ಊರ ಬೀದೀಲೇ ಮಾಡ್ತಿದ್ರು. ಗರಡಿ ಮನೆ ಇತ್ತು. ನಗ್ಸೋಕೆ ನಮ್ಮ ಮೂಡಲಪಾಯ ಯಕ್ಷಗಾನದಲ್ಲಿ ಕೋಡಂಗಿ ಇದ್ದ. ಇವರಲ್ಲಿ ಯಾರನ್ನೂ ಸರ್ಕಸ್ ಅಂತ ಕರೀತಿರಲಿಲ್ಲ ಅಷ್ಟೇ. "ರಾಜಕೀಯ ದೊಂಬರಾಟ" ಅಂತ ಬೈಗುಳದ ತರ ಬಳಸ್ತಾರಲ್ಲ, ನನಗೆ ಅದು ಹಿಡಿಸಲ್ಲ, ಜೀವ ಪಣಕ್ಕಿಟ್ಟು ಹಗ್ಗದ ಮೇಲೆ ನಡೆದೋರಿಗೂ ಪಕ್ಷ ಬದಲಾಯ್ಸೋರಿಗೂ ಏನ್ ಹೋಲಿಕೆ?

ಈಗ ಯಾಕೆ ಹುಲಿ ಸಿಂಹ ಇರಲ್ಲ?

1998ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹ ಈ ಐದನ್ನ ಆಡ್ಸಬಾರದು ಅಂತ ಅಧಿಸೂಚನೆ ಹೊರಡಿಸ್ತು, ಸರ್ಕಸ್ ಮಾಲೀಕರು ಕೋರ್ಟಿಗೆ ಹೋದ್ರು, 2001ರಲ್ಲಿ ಸುಪ್ರೀಂ ಕೋರ್ಟು ನಿಷೇಧನೇ ಸರಿ ಅಂತು. ಬಿಡುಗಡೆಯಾದ ಎಷ್ಟೋ ಹುಲಿ ಸಿಂಹ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರಕ್ಕೆ ಬಂದ್ವು. 2011ರಲ್ಲಿ ಮಕ್ಕಳನ್ನ ಸರ್ಕಸ್ಸಲ್ಲಿ ಕೆಲಸಕ್ಕೆ ಇಟ್ಕೋಬಾರದು ಅಂತಾನೂ ಸುಪ್ರೀಂ ಕೋರ್ಟ್ ಹೇಳ್ತು. ಪ್ರಾಣಿ ಇಲ್ದೆ ಅದು ಸರ್ಕಸ್ಸೇ ಅಲ್ಲ ಅನ್ನೋ ಹಿರಿಯರಿಗೆ ಹೇಳೋದು ಇಷ್ಟೇ, ಪದದ ಪ್ರಕಾರ ಬೇಕಿರೋದು ದುಂಡಗಿರೋ ಜಾಗ ಒಂದೇ.

ಕನ್ನಡದಲ್ಲಿ "ಸರ್ಕಸ್ ಮಾಡೋದು" ಅಂದ್ರೆ ಕಷ್ಟ ಪಡೋದು ಅಂತ ಹೇಗಾಯ್ತು? ಇಂಗ್ಲಿಷಲ್ಲಿ ಹಾಗಿಲ್ವಲ್ಲ?

ಇದು ನನ್ನ ಇಷ್ಟದ ಪ್ರಶ್ನೆ. ಇಂಗ್ಲಿಷಲ್ಲಿ ಯಾವುದನ್ನಾದ್ರೂ ಸರ್ಕಸ್ ಅಂದ್ರೆ ಗಲಾಟೆ, ಗೊಂದಲ, ಯಾರ ಹಿಡಿತಕ್ಕೂ ಸಿಗದೇ ಇರೋ ತಮಾಷೆ ಅಂತ. ಅಂದ್ರೆ ಹೊರಗಿಂದ ನೋಡಿ ಮೂಗು ಮುರಿಯೋನ ಮಾತು. ನಮ್ಮಲ್ಲಿ ಉಲ್ಟಾ. ಬೆಳಗ್ಗೆ ತುಮಕೂರಿಂದ ಬೆಂಗಳೂರಿಗೆ ಹೋಗೋ ಟ್ರೈನಲ್ಲಿ ಸೀಟ್ ಹಿಡಿಯೋಕೆ ಸರ್ಕಸ್ ಮಾಡ್ಬೇಕು. ಇಪ್ಪತ್ತು ಸಾವಿರ ಸಂಬಳದಲ್ಲಿ ಬಾಡಿಗೆ, ಸ್ಕೂಲ್ ಫೀಸು, ಗ್ಯಾಸು ಎಲ್ಲ ನಿಭಾಯ್ಸೋದು ದೊಡ್ಡ ಸರ್ಕಸ್ಸು. ಇಲ್ಲಿ ಮಾತಾಡ್ತಿರೋನು ಗ್ಯಾಲರೀಲಿ ಕೂತಿಲ್ಲ, ಹಗ್ಗದ ಮೇಲಿದಾನೆ. ಬೀಳದೇ ಇರೋದೇ ಅವನ ಸಾಧನೆ. ಗೊಂದಲ ಇಲ್ಲ, ಲೆಕ್ಕ ಇದೆ, ಬ್ಯಾಲೆನ್ಸ್ ಇದೆ. ಸರ್ಕಸ್ ಕಲಾವಿದರನ್ನ ಕೇಳಿದ್ರೆ ಅವರು ನಮ್ಮ ಅರ್ಥಕ್ಕೇ ಓಟು ಹಾಕ್ತಾರೆ ಅಂತ ನನ್ನ ನಂಬಿಕೆ.

ಪೇಪರ್‌ನವರು ಇದೇ ಜಾಗದಲ್ಲಿ ಕಸರತ್ತು ಅಂತಾನೂ ಬಳಸ್ತಾರೆ, ಸಂಪುಟ ರಚನೆ ಕಸರತ್ತು, ಅದು ಅರಬ್ಬಿಯಿಂದ ಹಿಂದೂಸ್ತಾನಿ ಮೂಲಕ ಬಂದ ವ್ಯಾಯಾಮದ ಪದ. ಅಪ್ಪಟ ನಮ್ಮದು ಬೇಕು ಅಂದ್ರೆ ತಿಪ್ಪರಲಾಗ ಇದೆ, ಆದ್ರೆ ಅದರ ಬಳಕೆ ಬೇರೆ. "ಸರ್ಕಸ್ ಮಾಡಿ ಕೆಲಸ ಮಾಡಿಸ್ಕೊಂಡೆ" ಅಂದ್ರೆ ಕೆಲಸ ಆಗಿದೆ. "ತಿಪ್ಪರಲಾಗ ಹಾಕಿದ್ರೂ ಆಗಲ್ಲ" ಅಂದ್ರೆ ಆಗಲ್ಲ, ಅಷ್ಟೇ.

ಸರ್ಕಸ್ ಅಂತ ಹಕ್ಕಿ ಇದೆಯಂತೆ?

ಇದೆ! ಹ್ಯಾರಿಯರ್ ಜಾತಿ ಗಿಡುಗಗಳ ವೈಜ್ಞಾನಿಕ ಹೆಸರಿನ ಮೊದಲ ಭಾಗನೇ ಸರ್ಕಸ್. ಗ್ರೀಕರು ಸುತ್ತು ಹೊಡೀತಾ ಹಾರೋ ಒಂದು ಬೇಟೆ ಹಕ್ಕಿಗೆ ಕಿರ್ಕೊಸ್ ಅಂತಿದ್ರು, ಅದರಿಂದ ಬಂದಿದ್ದು. ಹುಲ್ಲಿನ ಮೇಲೆ ತೀರಾ ಕೆಳಗೆ, ರೆಕ್ಕೆನ ವಿ ಆಕಾರಕ್ಕೆ ಎತ್ಕೊಂಡು ತೇಲ್ತಾ ಹೋಗುತ್ತೆ. ಪ್ಯಾಲಿಡ್ ಹ್ಯಾರಿಯರ್, ಮಾಂಟೆಗ್ಯೂಸ್ ಹ್ಯಾರಿಯರ್ ಇವೆಲ್ಲ ಮಧ್ಯ ಏಷ್ಯಾ ಕಡೆಯಿಂದ ಚಳಿಗಾಲಕ್ಕೆ ಭಾರತದ ಹುಲ್ಲುಗಾವಲುಗಳಿಗೆ ಬರ್ತವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹತ್ರ ಜಯಮಂಗಲಿ ಕೃಷ್ಣಮೃಗ ಮೀಸಲು ಇದೆಯಲ್ಲ, ಅಲ್ಲಿ ಇರೋದು ಇಂಥ ಹುಲ್ಲುಗಾವಲೇ, ಡಿಸೆಂಬರ್ ಜನವರೀಲಿ ಜಿಂಕೆ ನೋಡೋಕೆ ಹೋದ್ರೆ ಸ್ವಲ್ಪ ಮೇಲೂ ಕಣ್ಣಾಡ್ಸಿ. ಟಿಕೆಟ್ ಇಲ್ಲದ ಸರ್ಕಸ್ಸು.

ಸರ್ಕಸ್ಸಿಗೆ ಸೇರಿದ ಬೇರೆ ಪದಗಳು? ಟ್ರಾಪೀಜ್, ಅರೀನಾ, ಜಂಬೋ...

ಟ್ರಾಪೀಜು, ಅಂದ್ರೆ ಹಾರೋರು ಹಿಡಿಯೋ ಜೋಕಾಲಿ, ಗಣಿತದ ಟ್ರಾಪೀಜಿಯಂ ಎರಡೂ ಒಂದೇ ಪದ, ಗ್ರೀಕ್‌ನಲ್ಲಿ ಪುಟ್ಟ ಮೇಜು ಅಂತ, ಹಗ್ಗ ಎರಡು, ಕೆಳಗೆ ಕೋಲು, ಮೇಲೆ ತೊಲೆ ಸೇರಿ ಆ ಆಕಾರ ಬರುತ್ತೆ. ಅದರ ಮೇಲೆ ಹಾರಿ ತೋರ್ಸಿದ ಮೊದಲಿಗ ಜೂಲ್ ಲಿಯೋಟಾರ್, 1859, ಪ್ಯಾರಿಸ್, ಅವನ ಮೈಗಂಟೋ ಬಟ್ಟೆಗೆ ಈಗ್ಲೂ ಲಿಯೋಟಾರ್ಡ್ ಅಂತಾರೆ. ಅರೀನಾ ಅಂದ್ರೆ ಲ್ಯಾಟಿನ್‌ನಲ್ಲಿ ಮರಳು, ನೆಲಕ್ಕೆ ಮರಳು ಹಾಸ್ತಿದ್ರು. ಅಕ್ರೋಬ್ಯಾಟ್ ಅಂದ್ರೆ ತುದಿಗಾಲಲ್ಲಿ ನಡೆಯೋನು. ಜಂಬೋ ಅನ್ನೋದು ಲಂಡನ್ ಝೂನಲ್ಲಿದ್ದ ಆನೆ ಹೆಸರು, 1882ರಲ್ಲಿ ಅಮೆರಿಕದ ಬಾರ್ನಮ್ ತನ್ನ ಸರ್ಕಸ್ಸಿಗೆ ಕೊಂಡ್ಕೊಂಡ, 1885ರಲ್ಲಿ ಕೆನಡಾದಲ್ಲಿ ರೈಲಿಗೆ ಸಿಕ್ಕಿ ಸತ್ತುಹೋಯ್ತು. ಜಂಬೋ ಕಮಿಟಿ, ಜಂಬೋ ಪ್ಯಾಕು, ಅನಿಲ್ ಕುಂಬ್ಳೆ ಅಡ್ಡಹೆಸರು ಎಲ್ಲ ಆ ಒಂದು ಆನೆ ಪುಣ್ಯ.

ಸರ್ಕಸ್ ಅಂತ ಬರೀಬೇಕಾ, ಸರ್ಕಸ್ಸು ಅಂತ ಬರೀಬೇಕಾ?

ಎರಡೂ ನಡೆಯುತ್ತೆ. ಕನ್ನಡದ ಬಾಯಿಗೆ ಪದ ಸ್ವರದಲ್ಲಿ ಮುಗಿದ್ರೆ ಸಲೀಸು, ಅದಕ್ಕೆ ಕೊನೆಗೆ "ಉ" ಸೇರಿಸ್ಕೋತೀವಿ. ಹಿಂದಿನ ಸ್ವರ ಗಿಡ್ಡ ಇದ್ರೆ ಸಾಮಾನ್ಯವಾಗಿ ವ್ಯಂಜನ ಡಬಲ್ ಆಗುತ್ತೆ, ಬಸ್ಸು, ಪೆನ್ನು, ಸರ್ಕಸ್ಸು. ಉದ್ದ ಇದ್ರೆ ಆಗಲ್ಲ, ಆಫೀಸು, ಕಾಲೇಜು. ಹಾಗಾಗಿ "ಸರ್ಕಸ್ಸಿಗೆ ಹೋಗೋಣ" ಸರಿ, "ಸರ್ಕಸ್‌ಗೆ ಹೋಗೋಣ" ಅಂದ್ರೂ ಯಾರೂ ಗೇಟಲ್ಲಿ ತಡಿಯಲ್ಲ.